ಕೆಟ್ಟಿದ್ದು ಪರ್ಲ್ ಅಲ್ಲ

"ಅದು ಹಳೀದ್ ಅದ್ರಿ. ಪರ್ಲ್‌ನ್ಯಾಗ ಬರ್ದದ್ದು. ಈಗ ಅದನ್ನ ಯಾರೂ ಮುಟ್ಟಂಗಿಲ್ಲ, ಹೊಸಾದು ಹಾಕ್ಸಿಬಿಡ್ರಿ." ಕಲಬುರಗಿಯಲ್ಲಿ ಕಂಪ್ಯೂಟರ್ ನೋಡಲು ಬಂದವರ ಬಾಯಿಂದ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ, ಕೇಳಿದವರು ಅದನ್ನು ಪರೀಕ್ಷೆಯ ಫಲಿತಾಂಶವೆಂದೇ ನಂಬಿಬಿಡುತ್ತಾರೆ. ಪರೀಕ್ಷೆ ನಡೆದೇ ಇರುವುದಿಲ್ಲ. ಡೇಟಾಬೇಸ್ ಫೈಲು ತೆರೆಯಲಾಗಲಿಲ್ಲ ಎಂದು ಪ್ರೋಗ್ರಾಂ ನಿಂತಿದೆ, ಅಷ್ಟೆ. ಯಾವ ಫೈಲು, ಅದನ್ನು ಎಲ್ಲಿ ಹುಡುಕಿತು, ತೆರೆಯಲು ಹೋದಾಗ ಏನು ಅಡ್ಡ ಬಂತು ಎಂದು ಯಾರೂ ಕೇಳಿರುವುದಿಲ್ಲ. ಅಂಗಡಿಯ ಸಾಹುಕಾರರು ಹೊಸ ಸಾಫ್ಟ್‌ವೇರಿಗೆ ಮುಂಗಡ ಕೊಡುತ್ತಾರೆ. ವರ್ಷಗಳ ಲೆಕ್ಕ ಮೂಲೆಗಿಟ್ಟ ಹಳೆಯ ಸಿಪಿಯುನಲ್ಲಿ ಉಳಿದುಹೋಗುತ್ತದೆ.

ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಹಳತಾಯಿತೆಂಬ ಕಾರಣಕ್ಕೆ ಯಾವ ಪ್ರೋಗ್ರಾಮೂ ಫೈಲು ತೆರೆಯುವುದನ್ನು ಮರೆಯುವುದಿಲ್ಲ. ನಿನ್ನೆ ತೆರೆದದ್ದು ಇಂದು ತೆರೆಯಲಿಲ್ಲವೆಂದರೆ ಅದರ ಸುತ್ತ ಏನೋ ಬದಲಾಗಿದೆ: ಫೋಲ್ಡರಿನ ಹೆಸರು, ಓಡಿಸುವ ಬಳಕೆದಾರ, ಯಂತ್ರ, ಕೆಳಗಿನ ಲೈಬ್ರರಿ. ಬದಲಿಸಿದವರು ನಾವೇ. ಏನು ಬದಲಾಗಿದೆ ಎಂಬ ಸುಳಿವನ್ನೂ ಯಂತ್ರ ಒಂದು ಸಾಲಿನಲ್ಲಿ ಕೊಡುತ್ತದೆ. ಆ ಸಾಲನ್ನು ಓದದೆ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ತಪ್ಪು ಹೊರಿಸುವುದು ಸೋಮಾರಿತನ. ಅದನ್ನು ಅನುಭವದ ಮಾತೆಂದು ಮಾರುವುದು ಅನ್ಯಾಯ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಫೈಲು ತೆರೆಯುವ ಕೆಲಸ ಪರ್ಲ್‌ನದಲ್ಲ, ಆಪರೇಟಿಂಗ್ ಸಿಸ್ಟಮ್‌ನದು. ಪರ್ಲ್ ಕೇಳುತ್ತದೆ, ಸಿಸ್ಟಮ್ ಕೊಡುತ್ತದೆ ಇಲ್ಲವೇ ನಿರಾಕರಿಸುತ್ತದೆ. ನಿರಾಕರಿಸಿದಾಗ ಒಂದು ಸಂಖ್ಯೆ ಹಿಂತಿರುಗಿಸುತ್ತದೆ. ಲಿನಕ್ಸ್‌ನಲ್ಲಿ 2 ಅಂದರೆ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ', ಹೇಳಿದ ಜಾಗದಲ್ಲಿ ಅಂಥ ಫೈಲೂ ಇಲ್ಲ, ಫೋಲ್ಡರೂ ಇಲ್ಲ. 13 ಅಂದರೆ 'ಪರ್ಮಿಷನ್ ಡಿನೈಡ್', ಫೈಲಿದೆ, ನಿನಗೆ ಅನುಮತಿಯಿಲ್ಲ. 22 ಅಂದರೆ 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್', ಕೇಳಿದ ರೀತಿಯೇ ಹೊಂದುತ್ತಿಲ್ಲ. 28 ಬಂದರೆ ಡಿಸ್ಕ್ ತುಂಬಿದೆ. ಪರ್ಲ್ ಇದನ್ನು $! ಎಂಬ ಎರಡು ಚಿಹ್ನೆಯ ಚರದಲ್ಲಿ ಇಟ್ಟುಕೊಂಡಿರುತ್ತದೆ, ಕೇಳಿದರೆ ಇಂಗ್ಲಿಷ್ ವಾಕ್ಯವಾಗಿ ಹೇಳುತ್ತದೆ. ಇದೇ ಕೆಲಸವನ್ನು ಪೈಥಾನ್‌ನಲ್ಲಿ ಹೊಸದಾಗಿ ಬರೆಸಿ ನೋಡಿ, ಅನುಮತಿಯಿಲ್ಲದ ಫೈಲಿನ ಮುಂದೆ ಅದೂ ಇದೇ 13 ಎಂಬ ಸಂಖ್ಯೆಯನ್ನು ಮುದ್ರಿಸಿ ನಿಲ್ಲುತ್ತದೆ. ಭಾಷೆ ಬದಲಾಯಿಸಲು ಖರ್ಚು ಮಾಡಿದ ದುಡ್ಡು ಆ ಸಂಖ್ಯೆಯನ್ನು ಬದಲಿಸುವುದಿಲ್ಲ.

ಬ್ಯಾಂಕಿಗೆ ಹೋದ ರೈತನಿಗೆ "ಈ ಶಾಖೆಯಲ್ಲಿ ನಿಮ್ಮ ಖಾತೆಯೇ ಇಲ್ಲ" ಅನ್ನುವುದೂ "ಖಾತೆ ಇದೆ, ಸಹಿ ಕೂಡುತ್ತಿಲ್ಲ" ಅನ್ನುವುದೂ ಒಂದೇ ಅಲ್ಲವಲ್ಲ. ಎರಡಕ್ಕೂ "ದುಡ್ಡು ಬರೂದಿಲ್ಲ, ಹೋಗ್ರಿ" ಎಂದು ಉತ್ತರ ಕೊಡುವ ಗುಮಾಸ್ತನನ್ನು ನಾವು ಸುಮ್ಮನೆ ಬಿಡುವುದಿಲ್ಲ. ಕಂಪ್ಯೂಟರ್ ವಿಷಯ ಬಂದಾಗ ಮಾತ್ರ ಅಂಥ ಉತ್ತರವನ್ನೇ ಪರಿಣತಿಯೆಂದು ಗೌರವಿಸುತ್ತೇವೆ. "ಸರ್ವರ್ ಡೌನ್ ಅದ್ರಿ, ನಾಳಿ ಬರ್ರಿ" ಎಂಬ ಮಾತು ಕೇಳಿ ಕಮಲಾಪುರಕ್ಕೆ ಬರಿಗೈಲಿ ಬಸ್ಸು ಹತ್ತಿದವರನ್ನು ಲೆಕ್ಕ ಇಟ್ಟವರಿಲ್ಲ. ಆ ಮಾತಿನ ಹಿಂದೆ ನಿಜವಾಗಿ ಸರ್ವರ್ ನಿಂತಿತ್ತೋ, ಒಂದು ಫೈಲಿನ ಮಾಲೀಕತ್ವ ಬದಲಾಗಿತ್ತೋ, ಡಿಸ್ಕ್ ತುಂಬಿತ್ತೋ ಎಂದು ಯಾರೂ ವಿಚಾರಿಸುವುದಿಲ್ಲ. ಕಾರಣ ಹೇಳದಿರುವುದೇ ಒಂದು ಪದ್ಧತಿಯಾದರೆ ರಿಪೇರಿಯ ಪ್ರಶ್ನೆ ಹುಟ್ಟುವುದೇ ಇಲ್ಲ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ನೆಹರು ಗಂಜಿನಲ್ಲಿ ಒಂದು ಅಡತಿ ಅಂಗಡಿ. ಕಮಲಾಪುರ, ಮಹಾಗಾಂವ ಕಡೆಯ ರೈತರು ಅಲ್ಲಿಗೆ ತೊಗರಿ ತರುತ್ತಾರೆ. ಯಾರಿಗೆ ಎಷ್ಟು ಮುಂಗಡ ಹೋಗಿದೆ, ಯಾರ ಮಾಲು ಎಷ್ಟು ಕ್ವಿಂಟಲ್ ತೂಗಿತು, ಹಮಾಲಿ, ದಲಾಲಿ ಎಷ್ಟು, ಇದೆಲ್ಲ ಒಂದು ಪರ್ಲ್ ಪ್ರೋಗ್ರಾಮಿನಲ್ಲಿದೆ. ಸುಮಾರು 2005ರಲ್ಲಿ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಬರೆದುಕೊಟ್ಟದ್ದು ಎಂದಿಟ್ಟುಕೊಳ್ಳಿ. ಲೆಕ್ಕ ಕೂತಿರುವುದು ಬರ್ಕ್ಲಿ ಡಿಬಿ ಎಂಬ ಮಾದರಿಯ ಒಂದು ಫೈಲಿನಲ್ಲಿ. ಪರ್ಲ್ ಅದನ್ನು ಡಿಬಿ-ಫೈಲ್ ಎಂಬ ಮಾಡ್ಯೂಲಿನ ಮೂಲಕ ಮುಟ್ಟುತ್ತದೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಅಭಿಮಾನದಿಂದ ಯಾರೋ ಕಂಪ್ಯೂಟರಿನಲ್ಲಿದ್ದ ಗುಲ್ಬರ್ಗಾ ಎಂಬ ಫೋಲ್ಡರಿಗೂ ಹೊಸ ಹೆಸರು ಇಟ್ಟರು. ಮರುದಿನ ಲೆಕ್ಕ ತೆರೆಯಲಿಲ್ಲ.

ಇಲ್ಲಿ ಪರ್ಲ್ ಮಾಡಿದ ತಪ್ಪೇನು? ಹಳೆಯ ಹೆಸರಿನ ಫೋಲ್ಡರಿಗೆ ಹೋಗು ಎಂದು ಬರೆದಿತ್ತು, ಹೋಯಿತು. ಇರಲಿಲ್ಲ, ಇಲ್ಲವೆಂದಿತು. ಇದೇ ಎಡವಟ್ಟು 2018ರಲ್ಲಿ ಮತ್ತೊಮ್ಮೆ ಆಗಬಹುದಿತ್ತು. ಕಮಲಾಪುರ ಪ್ರತ್ಯೇಕ ತಾಲೂಕಾಗಿ ಕಾಳಗಿ, ಶಹಾಬಾದ, ಯಡ್ರಾಮಿಗಳ ಜೊತೆ ಕೆಲಸ ಆರಂಭಿಸಿದ್ದು ಆಗ. ಕಲಬುರಗಿ ತಾಲೂಕಿನ ಫೋಲ್ಡರಿನಿಂದ ಕಮಲಾಪುರದ ರೈತರನ್ನು ಬೇರ್ಪಡಿಸಿ ಹೊಸ ಫೋಲ್ಡರ್ ಮಾಡಿದ ಯಾವ ಅಂಗಡಿಯಲ್ಲೂ ಇದು ನಡೆಯಬಹುದು. ಅದರಲ್ಲೂ ಇಂಗ್ಲಿಷಿನಲ್ಲಿ ನಾವು ಈ ಊರುಗಳ ಹೆಸರನ್ನು ಒಂದೇ ರೀತಿ ಬರೆಯುವುದಿಲ್ಲ. ಕಮಲಾಪುರ್ ಎಂದು ಒಬ್ಬರು, ಕೊನೆಗೆ ಎ ಸೇರಿಸಿ ಇನ್ನೊಬ್ಬರು, ಮೊದಲಕ್ಷರ ದೊಡ್ಡದಾಗಿ ಮತ್ತೊಬ್ಬರು. ವಿಂಡೋಸ್‌ಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಸಾಮಾನ್ಯವಾಗಿ ಒಂದೇ. ಲಿನಕ್ಸ್‌ಗೆ ಅವು ಬೇರೆ ಬೇರೆ ಊರುಗಳು. ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದ ದಿನವೇ ಎಷ್ಟೋ ಫೈಲುಗಳು 'ಕಾಣೆ'ಯಾಗುವುದು ಇದಕ್ಕೇ. ವಿಂಡೋಸ್‌ನಲ್ಲೇ ಎಡವುವ ಇನ್ನೊಂದು ಜಾಗವಿದೆ. ತೊಗರಿಯ ಫೈಲಿಗೆ ಇಂಗ್ಲಿಷಿನ ಟಿ ಅಕ್ಷರದಿಂದ ಶುರುವಾಗುವ 'ತೂರ್' ಎಂಬ ಹೆಸರಿಟ್ಟು, ಅದರ ಹಿಂದೆ ಹಿಮ್ಮುಖ ಗೀಟು ಹಾಕಿ, ಇಡೀ ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದರೆ ಪರ್ಲ್ ಆ ಗೀಟು-ಟಿಯನ್ನು ಟ್ಯಾಬ್ ಎಂದು ಓದುತ್ತದೆ. ಫೈಲಿನ ಹೆಸರಿನ ಮಧ್ಯೆ ಕಣ್ಣಿಗೆ ಕಾಣದ ಖಾಲಿ ಜಾಗ ಹುಟ್ಟುತ್ತದೆ. ಹಿಮ್ಮುಖ ಗೀಟನ್ನು ಮುಮ್ಮುಖ ಗೀಟಾಗಿ ಬದಲಿಸಿದರೆ ಮುಗಿಯಿತು. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಕೇ?

"ಫೈಲ್ ಇಲ್ಲೇ ಅದಲ್ರಿ, ಕಣ್ಣಿಗಿ ಕಾಣ್ಲಾಕತ್ತದ, ಆದ್ರೂ ಇಲ್ಲಂತದ. ಪ್ರೋಗ್ರಾಮೇ ಕೆಟ್ಟದ" ಎಂಬ ವಾದ ಬಲವಾದದ್ದೆಂದು ತೋರುತ್ತದೆ. ಅದಕ್ಕೂ ಉತ್ತರವಿದೆ. ನಿಮ್ಮ ಕಣ್ಣು ನಿಂತಿರುವ ಜಾಗ ಬೇರೆ, ಪ್ರೋಗ್ರಾಂ ನಿಂತಿರುವ ಜಾಗ ಬೇರೆ. ಪೂರ್ಣ ವಿಳಾಸ ಕೊಡದೆ ಬರಿ ಫೈಲಿನ ಹೆಸರು ಬರೆದಿದ್ದರೆ ಪ್ರೋಗ್ರಾಂ ತಾನು ಓಡುತ್ತಿರುವ ಫೋಲ್ಡರಿನಲ್ಲಿ ಹುಡುಕುತ್ತದೆ. ನೀವು ಕೈಯಾರೆ ಓಡಿಸಿದಾಗ ಆ ಫೋಲ್ಡರ್ ಒಂದು. ರಾತ್ರಿ ನಿಗದಿತ ಹೊತ್ತಿಗೆ ಕ್ರಾನ್ ಎಂಬ ಸಲಕರಣೆ ತಾನಾಗಿ ಓಡಿಸಿದಾಗ ಅದು ಬಳಕೆದಾರನ ಹೋಮ್ ಫೋಲ್ಡರ್. ವೆಬ್ ಸರ್ವರ್ ಓಡಿಸಿದಾಗ ಇನ್ನೊಂದು. ಹಗಲು ನಡೆದದ್ದು ರಾತ್ರಿ ನಿಲ್ಲುವುದರ ಗುಟ್ಟು ಇಷ್ಟೇ. ಪೂರ್ಣ ವಿಳಾಸ ಬರೆಯಿರಿ, ಅಥವಾ ಸ್ಕ್ರಿಪ್ಟ್ ಇರುವ ಜಾಗವನ್ನು ತಾನೇ ಕಂಡುಕೊಳ್ಳುವ ಫೈಂಡ್‌ಬಿನ್ ಎಂಬ ಮಾಡ್ಯೂಲ್ ಬಳಸಿ. ಅದು ಪರ್ಲ್ ಜೊತೆಗೇ ಬರುತ್ತದೆ.

ಇನ್ನೂ ಗಂಭೀರವಾದದ್ದು ಪ್ರೋಗ್ರಾಂ ನಿಲ್ಲದೇ ಇರುವ ಸಂದರ್ಭ. ಡಿಬಿ-ಫೈಲ್ ಮಾಡ್ಯೂಲಿಗೆ ಬರಿ ಫೈಲಿನ ಹೆಸರು ಕೊಟ್ಟು ಬೇರೇನೂ ಹೇಳದಿದ್ದರೆ, ಆ ಹೆಸರಿನ ಫೈಲು ಸಿಗದಾಗ ಅದು ಹೊಸದೊಂದನ್ನು ಖಾಲಿಯಾಗಿ ಸೃಷ್ಟಿಸಿಕೊಳ್ಳುತ್ತದೆ. ಅದರ ಮೂಲ ನಡವಳಿಕೆಯೇ ಹಾಗೆ. ಎಸ್‌ಕ್ಯೂಲೈಟ್ ಎಂಬ ಇನ್ನೊಂದು ಡೇಟಾಬೇಸ್ ಕೂಡ ಹಾಗೆಯೇ. ದೋಷದ ಸಂದೇಶವೇ ಇಲ್ಲ. ಪರದೆ ತೆರೆಯುತ್ತದೆ, ರೈತರ ಪಟ್ಟಿ ಮಾತ್ರ ಖಾಲಿ. "ಲೆಕ್ಕ ಎಲ್ಲಾ ಹೋಗ್ಯಾದ" ಎಂದು ಅಂಗಡಿಯಲ್ಲಿ ಗದ್ದಲ ಏಳುತ್ತದೆ. ಸಂಜೆಯೊಳಗೆ ಗುಮಾಸ್ತ ಹೊಸ ಆವಕವನ್ನು ಆ ಖಾಲಿ ಫೈಲಿಗೇ ತುಂಬಲು ಶುರುಮಾಡುತ್ತಾನೆ. ಈಗ ಎರಡು ಲೆಕ್ಕ, ಎರಡೂ ಅರ್ಧ. ಓದಲು ಮತ್ತು ಬರೆಯಲು ಮಾತ್ರ ತೆರೆ, ಇಲ್ಲದಿದ್ದರೆ ಹುಟ್ಟಿಸಬೇಡ ಎಂದು ಒಂದು ಸೂಚನೆ ಕೊಟ್ಟಿದ್ದರೆ ಪ್ರೋಗ್ರಾಂ ಸಂಖ್ಯೆ 2 ಹೇಳಿ ನಿಂತುಬಿಡುತ್ತಿತ್ತು. ಆ ನಿಲುಗಡೆಯನ್ನೇ ನಾವು ಕೆಡುಕೆಂದು ಬಯ್ಯುತ್ತೇವೆ! ರೈತನ ಮುಂಗಡದ ಲೆಕ್ಕ ತಪ್ಪಾಗುವುದಕ್ಕಿಂತ ಅಂಗಡಿ ಒಂದು ತಾಸು ನಿಲ್ಲುವುದು ಸಾವಿರ ಪಾಲು ಮೇಲು. ಹೇಗಾದರೂ ಓಡಿಸಿಬಿಡಿ ಎನ್ನುವವರು ಯಾರ ಲೆಕ್ಕವನ್ನು ಪಣಕ್ಕಿಡುತ್ತಿದ್ದಾರೆಂದು ಯೋಚಿಸಲಿ.

ಹೇಗಾದರೂ ಓಡಿಸುವವರ ಕೈಯಲ್ಲಿರುವ ಆಯುಧ ಒಂದೇ, 777. ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಮೂರು ಬಗೆಯ ಜನ: ಮಾಲೀಕ, ಗುಂಪು, ಉಳಿದವರು. ಪ್ರತಿಯೊಬ್ಬರಿಗೂ ಓದು, ಬರೆ, ಓಡಿಸು ಎಂಬ ಮೂರು ಹಕ್ಕು. ಚ್‌ಮೋಡ್ 777 ಎಂದರೆ ಯಂತ್ರದೊಳಗಿನ ಎಲ್ಲರಿಗೂ ಎಲ್ಲ ಹಕ್ಕು. ಪರ್ಮಿಷನ್ ಡಿನೈಡ್ ಎಂದು ಬಂದ ಕೂಡಲೇ "777 ಕೊಡ್ರಿ" ಎನ್ನುವುದು ನಮ್ಮಲ್ಲಿ ಮಂತ್ರದಂತಾಗಿದೆ. ಕಲಬುರಗಿಯಲ್ಲಿ ಮಾತ್ರ ಹೀಗೆಂದು ನಾನು ಹೇಳುವುದಿಲ್ಲ, ಬೆಂಗಳೂರಿನ ದೊಡ್ಡ ಕಟ್ಟಡಗಳಲ್ಲೂ ಈ ಮಂತ್ರ ಜಪಿಸುವವರಿದ್ದಾರೆ. ಹಂಚಿಕೆಯ ಹೋಸ್ಟಿಂಗ್‌ನಲ್ಲಿರುವ ಫೈಲಿಗೆ ಹೀಗೆ ಮಾಡಿದರೆ, ಅದೇ ಯಂತ್ರದಲ್ಲಿ ಜಾಗ ಬಾಡಿಗೆಗೆ ಪಡೆದ ಪರಕೀಯನೊಬ್ಬ ನಿಮ್ಮ ರೈತರ ಫೋನ್ ನಂಬರು, ಸಾಲ, ಆಧಾರ್ ಸಂಖ್ಯೆ ಓದುವ ದಾರಿ ತೆರೆದಂತೆ. ಓದಿ ಸುಮ್ಮನಾಗಬೇಕೆಂದೂ ಇಲ್ಲ, ಅಳಿಸಲೂಬಹುದು. ಜನರ ಮಾಹಿತಿ ಕಾಪಾಡುವ ಹೊಣೆಯನ್ನು ಇಟ್ಟುಕೊಂಡವರ ಮೇಲೆಯೇ ಹೊರಿಸುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಕಾಯ್ದೆ ಇರದಿದ್ದರೂ ನಂಬಿ ಹೆಸರು ಬರೆಸಿದ ಮನುಷ್ಯನಿಗೆ ನಾವು ಉತ್ತರ ಕೊಡಬೇಕು.

777 ಕೊಟ್ಟ ಮೇಲೂ ಬಹಳ ಸಲ ಫೈಲು ತೆರೆಯುವುದಿಲ್ಲ, ಏಕೆಂದರೆ ತಡೆ ಇರುವುದು ಫೈಲಿನಲ್ಲಲ್ಲ. ಫೈಲಿನವರೆಗಿನ ದಾರಿಯ ಪ್ರತಿ ಫೋಲ್ಡರಿನಲ್ಲೂ ಹಾದುಹೋಗುವ ಹಕ್ಕು ಬೇಕು. ನಡುವೆ ಒಂದು ಫೋಲ್ಡರ್ ಮುಚ್ಚಿದ್ದರೂ ಒಳಗಿನ ಫೈಲಿಗೆ ಕೊಟ್ಟ 777 ವ್ಯರ್ಥ. ಎಸ್‌ಕ್ಯೂಲೈಟ್ ವಿಷಯ ಇನ್ನೂ ಸೂಕ್ಷ್ಮ. ಬರೆಯುವಾಗ ಅದು ಡೇಟಾಬೇಸ್ ಪಕ್ಕದಲ್ಲೇ ಜರ್ನಲ್ ಎಂಬ ತಾತ್ಕಾಲಿಕ ಫೈಲೊಂದನ್ನು ಸೃಷ್ಟಿಸುತ್ತದೆ, ಕರೆಂಟು ಹೋದರೂ ಲೆಕ್ಕ ಹಾಳಾಗದಿರಲೆಂದು. ಹಾಗಾಗಿ ಆ ಫೋಲ್ಡರಿನಲ್ಲೇ ಬರೆಯುವ ಹಕ್ಕಿರಬೇಕು. ಇರದಿದ್ದರೆ 'ಅನೇಬಲ್ ಟು ಓಪನ್ ಡೇಟಾಬೇಸ್ ಫೈಲ್' ಎಂಬ ಸಂದೇಶ, ಎಸ್‌ಕ್ಯೂಲೈಟ್‌ನ ಸ್ವಂತ ಪಟ್ಟಿಯಲ್ಲಿ ಅದು 14ನೇ ಸಂಖ್ಯೆ. ರೆಡ್ ಹ್ಯಾಟ್ ಮಾದರಿಯ ಯಂತ್ರಗಳಲ್ಲಿ ಇವೆಲ್ಲ ಸರಿಯಿದ್ದರೂ ಎಸ್‌ಇ-ಲಿನಕ್ಸ್ ಎಂಬ ಇನ್ನೊಬ್ಬ ಕಾವಲುಗಾರ ತಡೆಯಬಹುದು. ಮಾಡಬೇಕಾದದ್ದು ವೆಬ್ ಸರ್ವರ್ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತಿದೆ ಎಂದು ನೋಡುವುದು. ಡೆಬಿಯನ್, ಉಬುಂಟುಗಳಲ್ಲಿ ಒಂದು ಹೆಸರು, ರೆಡ್ ಹ್ಯಾಟ್‌ನಲ್ಲಿ ಮತ್ತೊಂದು. ಆ ಒಬ್ಬನಿಗೆ, ಆ ಒಂದು ಫೋಲ್ಡರಿಗೆ ಹಕ್ಕು ಕೊಟ್ಟರೆ ಸಾಕು. ಪೆನ್ ಡ್ರೈವಿನಿಂದ ನಕಲು ಮಾಡುವಾಗ ರೂಟ್ ಎಂಬ ಸರ್ವಾಧಿಕಾರದ ಬಳಕೆದಾರನಾಗಿ ಮಾಡಿದ್ದರಿಂದ ಫೈಲಿನ ಮಾಲೀಕ ಬದಲಾಗಿರುವುದೇ ಹೆಚ್ಚು. ಮಾಲೀಕನನ್ನು ಸರಿಪಡಿಸಲು ಒಂದು ಆಜ್ಞೆ ಸಾಲದೇ?

ಇನ್ನು ಹಳತಿಗೂ ಹೊಸತಿಗೂ ನಿಜವಾಗಿ ಹೊಂದದ ಸಂದರ್ಭ. ಇದು ನನ್ನ ವಾದಕ್ಕೆ ಕಠಿಣವಾದ ಭಾಗ, ಅದಕ್ಕೇ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ಹಳೆಯ ಯಂತ್ರದಲ್ಲಿ ಬರ್ಕ್ಲಿ ಡಿಬಿಯ ಒಂದು ಆವೃತ್ತಿ ಬರೆದ ಫೈಲನ್ನು ಹೊಸ ಯಂತ್ರದ ಮತ್ತೊಂದು ಆವೃತ್ತಿ ಓದಲಾರದೆ 22 ಸಂಖ್ಯೆಯ ದೋಷ ಹೇಳಬಹುದು. ಫೈಲು ಅಲ್ಲೇ ಇದೆ, ಅನುಮತಿಯೂ ಇದೆ, ತೆರೆಯುವುದಿಲ್ಲ. "ನೋಡ್ರಿ, ನಾವ್ ಹೇಳಿದ್ದು ಖರೆ ಆಯ್ತಿಲ್ಲೋ" ಎನ್ನುತ್ತಾರೆ. ಆಗಲಿಲ್ಲ. ಇಲ್ಲಿಯೂ ಬದಲಾದದ್ದು ಪರ್ಲ್ ಅಲ್ಲ, ಅದರ ಕೆಳಗಿನ ಲೈಬ್ರರಿ. ಆ ಲೈಬ್ರರಿ ಮಾಡಿದವರೇ ದಾಟುವ ದಾರಿಯನ್ನೂ ಕೊಟ್ಟಿದ್ದಾರೆ. ಮೊದಲು 'ಫೈಲ್' ಎಂಬ ಆಜ್ಞೆಯಿಂದ ಆ ಕಡತ ಯಾವ ಮಾದರಿಯದು, ಯಾವ ಆವೃತ್ತಿಯದು ಎಂದು ಕೇಳಬಹುದು, ಅದು ಒಳಗಿನ ಗುರುತು ನೋಡಿ ಹೇಳುತ್ತದೆ. ಹ್ಯಾಶ್ ಮಾದರಿಯ ಫೈಲನ್ನು ಬಿ-ಟ್ರೀ ಎಂದು ತೆರೆಯಲು ಹೋದರೂ ದೋಷವೇ, ಹಾಗಾಗಿ ಮಾದರಿ ತಿಳಿದಿರಬೇಕು. ಆಮೇಲೆ ಹಳೆಯ ಯಂತ್ರದಲ್ಲಿ ಡಿಬಿ-ಡಂಪ್ ಓಡಿಸಿದರೆ ಇಡೀ ಲೆಕ್ಕ ಪಠ್ಯವಾಗಿ ಹೊರಬರುತ್ತದೆ. ಹೊಸ ಯಂತ್ರದಲ್ಲಿ ಡಿಬಿ-ಲೋಡ್ ಅದನ್ನು ಹೊಸ ಮಾದರಿಯಲ್ಲಿ ತುಂಬುತ್ತದೆ. ಹಳೆಯ ಯಂತ್ರ ಕೈಯಲ್ಲಿರುವವರೆಗೆ ಇದು ಸುಲಭ. ಅದನ್ನು ಗುಜರಿಗೆ ಹಾಕಿದ ಮೇಲೆ ಕಷ್ಟ. ಹಳೇದು ತೆಗೆದುಬಿಡಿ ಎಂಬ ಸಲಹೆ ಇಲ್ಲಿ ಪರಿಹಾರದ ದಾರಿಯನ್ನೇ ಮುಚ್ಚುತ್ತದೆ. ಸಮಸ್ಯೆಯನ್ನು ಕಾಯಂ ಮಾಡಿದ್ದು ಆ ಸಲಹೆ.

ಪರ್ಲ್ ತನ್ನ ಮಟ್ಟಿಗೆ ಬದಲಾಗಿಯೇ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. 2017ರ 5.26ನೇ ಆವೃತ್ತಿ ಮಾಡ್ಯೂಲುಗಳನ್ನು ಹುಡುಕುವ ಜಾಗಗಳಿಂದ 'ಈಗಿರುವ ಫೋಲ್ಡರ್' ಅನ್ನು ಕೈಬಿಟ್ಟಿತು. ಪಕ್ಕದಲ್ಲೇ ಇದ್ದ ಸಹಾಯಕ ಫೈಲು ಸಿಗದೆ ಹಳೆಯ ಸ್ಕ್ರಿಪ್ಟುಗಳು ನಿಂತವು. ಭದ್ರತೆಗಾಗಿ ಮಾಡಿದ ಬದಲಾವಣೆ ಅದು, ಆವೃತ್ತಿಯ ಜೊತೆಗಿನ ಟಿಪ್ಪಣಿಯಲ್ಲೇ ಬರೆದಿದೆ, ಸರಿಪಡಿಸಲು ಒಂದು ಸಾಲು ಸಾಕು. ಹಳೆಯ ಶೈಲಿಯ ಪರ್ಲ್‌ನಲ್ಲಿ ನಿಜವಾದ ಅಪಾಯಗಳೂ ಇವೆ. ತೆರೆಯುವ ಆಜ್ಞೆಗೆ ಎರಡೇ ಅಂಶ ಕೊಡುವ ಹಳೆಯ ರೂಢಿಯಲ್ಲಿ, ಹೊರಗಿನವರು ಕೊಟ್ಟ ಫೈಲಿನ ಹೆಸರಿನ ಮೊದಲಿಗೋ ಕೊನೆಗೋ ಒಂದು ನೆಟ್ಟನೆಯ ಗೀಟು ಇದ್ದರೆ ಪರ್ಲ್ ಅದನ್ನು ಆಜ್ಞೆಯೆಂದು ಓಡಿಸಿಬಿಡಬಹುದು. ವೆಬ್‌ಗೆ ತೆರೆದಿಟ್ಟ ಇಂಥ ಸ್ಕ್ರಿಪ್ಟನ್ನು ತಿದ್ದಲೇಬೇಕು. ತಿದ್ದುವ ಸಾಧನವಾದ ಮೂರು ಅಂಶಗಳ ರೂಪ 2000ದ 5.6ನೇ ಆವೃತ್ತಿಯಿಂದಲೇ ಇದೆ. ತಿದ್ದಬೇಕು ಎಂಬುದಕ್ಕೂ ಎಸೆಯಬೇಕು ಎಂಬುದಕ್ಕೂ ನಡುವೆ ಇರುವ ಅಂತರವೇ ನನ್ನ ಇಡೀ ಜಗಳ.

ಪರ್ಲ್ ಸತ್ತಿದೆ ಎಂಬುದಂತೂ ಶುದ್ಧ ವದಂತಿ. ಲ್ಯಾರಿ ವಾಲ್ 1987ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ಈ ಭಾಷೆ 1994ರಲ್ಲಿ ಐದನೇ ಆವೃತ್ತಿಗೆ ಬಂತು. 2022, 2023, 2024ರಲ್ಲೂ ಹೊಸ ಆವೃತ್ತಿಗಳು ಬಂದಿವೆ. ಡೆಬಿಯನ್ ಲಿನಕ್ಸ್‌ನ ಪ್ಯಾಕೇಜ್ ವ್ಯವಸ್ಥೆಯ ಎಷ್ಟೋ ಸಲಕರಣೆಗಳು ಪರ್ಲ್‌ನಲ್ಲಿವೆ. ಮನುಷ್ಯನ ಜೀನೋಮ್ ಓದುವ ಯೋಜನೆಯಲ್ಲಿ ಬೇರೆ ಬೇರೆ ಪ್ರಯೋಗಾಲಯಗಳ ಹೊಂದದ ಮಾಹಿತಿಯನ್ನು ಜೋಡಿಸಿದ್ದು ಪರ್ಲ್ ಎಂದು ಆ ಯೋಜನೆಯಲ್ಲಿ ದುಡಿದ ಲಿಂಕನ್ ಸ್ಟೈನ್ 1996ರಲ್ಲೇ ಬರೆದರು.

"ಖರೆ ಇರಬಹುದು, ಆದ್ರ ಇಲ್ಲಿ ಪರ್ಲ್ ಬಲ್ಲವರು ಯಾರದಾರ? ಹೈದರಾಬಾದಿನವರನ್ನೇ ಕರಸಬೇಕು" ಎಂಬುದು ಕೊನೆಯ ವಾದ, ನನಗೆ ಅತಿ ಹೆಚ್ಚು ನೋವು ಕೊಡುವ ವಾದವೂ ಇದೇ. ಮೇಲೆ ಹೇಳಿದ ದೋಷಗಳನ್ನು ಮತ್ತೆ ನೋಡಿ. ಫೋಲ್ಡರಿನ ಹೆಸರು, ಅಕ್ಷರದ ಗಾತ್ರ, ಓಡುವ ಜಾಗ, ಮಾಲೀಕ, ಅನುಮತಿ, ತುಂಬಿದ ಡಿಸ್ಕ್, ಫೈಲಿನ ಆವೃತ್ತಿ. ಇವುಗಳಲ್ಲಿ ಪರ್ಲ್ ಭಾಷೆಯ ಆಳವಾದ ಜ್ಞಾನ ಬೇಡುವುದು ಎಷ್ಟು? ಬಹುಪಾಲು ಯಾವುದೇ ಡಿಪ್ಲೊಮಾ ವಿದ್ಯಾರ್ಥಿಗೆ ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಬರುವ ವಿಷಯ. ಕಲಬುರಗಿಯಲ್ಲಿ ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರಿಂದ ಇದೆ, ವಿಶ್ವವಿದ್ಯಾಲಯ 1980ರಿಂದ ಇದೆ. ಸಂವಿಧಾನದ 371(ಜೆ) ವಿಧಿಗಾಗಿ ಈ ಭಾಗ ಹೋರಾಡಿದ್ದು ನಮ್ಮ ಮಕ್ಕಳಿಗೆ ಓದು, ಕೆಲಸ ಸಿಗಲೆಂದು. ಅವರು ಓದಿದ್ದನ್ನು ನಮ್ಮದೇ ಗಂಜಿನ ಲೆಕ್ಕ ಸರಿಪಡಿಸಲು ಬಳಸದೆ, ಕೆಟ್ಟದ್ದನ್ನೆಲ್ಲ ಬೇರೆ ಊರಿನವರೇ ನೋಡಬೇಕೆಂದು ನಾವೇ ಹೇಳಿಕೊಂಡರೆ ಹಿಂದುಳಿದವರೆಂಬ ಪಟ್ಟವನ್ನು ನಾವೇ ಕಟ್ಟಿಕೊಂಡಂತೆ. ಕಮಲಾಪುರದ ಝೆರಾಕ್ಸ್ ಅಂಗಡಿಯ ಹುಡುಗನಿಗೆ ಆ ದೋಷದ ಸಾಲನ್ನು ತೋರಿಸಿ, 13 ಎಂದರೇನು ಎಂದು ಒಮ್ಮೆ ಹೇಳಿಕೊಡಿ. ಮುಂದಿನದನ್ನು ಅವನೇ ಹುಡುಕುತ್ತಾನೆ.

ಎಸೆಯುವುದರ ಬೆಲೆಯನ್ನು ತೆರುವವರು ಬೇರೆಯವರು. ಭೌಗೋಳಿಕ ಸೂಚಕ ಪಡೆದ ಕಮಲಾಪುರದ ಕೆಂಪು ಬಾಳೆ, ಅದೇ ಗುರುತು ಪಡೆದ ಈ ಜಿಲ್ಲೆಯ ತೊಗರಿ, ಇವುಗಳ ಬೆಳೆಗಾರರ ಪಟ್ಟಿಯನ್ನು ಪ್ರತಿ ಹೊಸ ಸಾಫ್ಟ್‌ವೇರಿಗೂ ಕೈಯಿಂದ ಮತ್ತೆ ಟೈಪ್ ಮಾಡಿದಾಗ ಹೆಸರು ತಪ್ಪುತ್ತದೆ, ಸರ್ವೆ ನಂಬರಿನ ಒಂದು ಅಂಕಿ ತಿರುವುಮುರುವಾಗುತ್ತದೆ. ಹಳೆಯ ಫೈಲುಗಳಲ್ಲಿ ಕನ್ನಡ ಹೆಸರುಗಳು ನುಡಿ ತಂತ್ರಾಂಶದ ಹಳೆಯ ಅಕ್ಷರ ಸಂಕೇತದಲ್ಲಿರುತ್ತವೆ, ಯೂನಿಕೋಡಿಗೆ ತಾವಾಗಿ ಬರುವುದಿಲ್ಲ. ಈ ಪರಿವರ್ತನೆಯಂಥ ಪಠ್ಯದ ಕೆಲಸಕ್ಕೆ ಪರ್ಲ್ ಹೇಳಿಮಾಡಿಸಿದ್ದು; 2002ರ 5.8ನೇ ಆವೃತ್ತಿಯಿಂದ ಅದು ಯೂನಿಕೋಡನ್ನು ಚೆನ್ನಾಗಿ ನಿಭಾಯಿಸುತ್ತದೆ. ಲೆಕ್ಕವನ್ನು ಉಳಿಸಬಲ್ಲ ಸಾಧನವನ್ನೇ ಮೊದಲು ಕಿತ್ತುಹಾಕುತ್ತಿದ್ದೇವೆ.

ಬರೆಯುವವರಿಗೂ ಒಂದು ಮಾತು ಹೇಳಬೇಕು, ಏಕೆಂದರೆ ಈ ಅಪನಂಬಿಕೆಗೆ ಅವರ ಪಾಲೂ ಇದೆ. 'ಫೈಲು ತೆರೆಯಲಿಲ್ಲ' ಎಂದಷ್ಟೇ ಬರೆದು $! ಅನ್ನು ಕೈಬಿಟ್ಟ ಸಾಲು, ಕಾರಣ ಗೊತ್ತಿದ್ದೂ ಬಾಯಿ ಮುಚ್ಚಿದ ಸಾಲು. ಆವರಣವಿಲ್ಲದ ಓಪನ್ ಆಜ್ಞೆಯ ಕೊನೆಗೆ 'ಆರ್' ಎಂಬ ಪದದ ಬದಲು ಎರಡು ನೆಟ್ಟನೆಯ ಗೀಟು ಹಾಕಿದರೆ ಇನ್ನೂ ಕೆಟ್ಟದ್ದು: ಆ ಗೀಟುಗಳು ಫೈಲಿನ ಹೆಸರಿಗೆ ಅಂಟಿಕೊಳ್ಳುತ್ತವೆ, ತೆರೆಯದಿದ್ದರೂ ಪ್ರೋಗ್ರಾಂ ನಿಲ್ಲುವುದೇ ಇಲ್ಲ. ಫೈಲಿನ ಪೂರ್ಣ ವಿಳಾಸವನ್ನೂ $! ಅನ್ನೂ ದೋಷದ ಸಾಲಿನಲ್ಲಿ ಸೇರಿಸಿ. ಹೆಸರಿನ ಎರಡೂ ಬದಿಗೆ ಚೌಕ ಆವರಣ ಹಾಕಿ ಮುದ್ರಿಸಿದರೆ ಕೊನೆಯಲ್ಲಿ ಅಡಗಿದ ಹೊಸಸಾಲಿನ ಗುರುತೂ, ಮಧ್ಯದ ಟ್ಯಾಬೂ ಕಣ್ಣಿಗೆ ಬೀಳುತ್ತವೆ.

ಹಣ ಕೊಡುವವರು ಕೇಳಬೇಕಾದದ್ದು ಇಷ್ಟು. ಹೊಸದು ಹಾಕಿಸಿ ಎನ್ನುವವರಿಗೆ, ದೋಷದ ಪೂರ್ತಿ ಸಾಲನ್ನು ಕಾಗದದ ಮೇಲೆ ಬರೆದುಕೊಡಿ ಎನ್ನಿ, ಸಂಖ್ಯೆ ಸಮೇತ. ಓಡಿಸಿದ್ದು ಯಾವ ಬಳಕೆದಾರ, ಯಾವ ಫೋಲ್ಡರಿನಿಂದ ಎಂಬುದನ್ನೂ ಬರೆಸಿಕೊಳ್ಳಿ. ಹಳೆಯ ಯಂತ್ರದಿಂದ ಲೆಕ್ಕವನ್ನು ಪಠ್ಯವಾಗಿ ತೆಗೆದು ಪೆನ್ ಡ್ರೈವಿನಲ್ಲಿ ನಿಮ್ಮ ಕೈಗೆ ಕೊಡಲಿ, ಗುಮಾಸ್ತ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನಾಲ್ವರು ರೈತರ ಬಾಕಿಯನ್ನು ಹಳೆಯ ಚೀಟಿಗಳ ಜೊತೆ ತಾಳೆ ನೋಡಲಿ. ಹೊಸ ಸಾಫ್ಟ್‌ವೇರ್ ಬೇಕೋ ಬೇಡವೋ ಎಂಬ ಮಾತುಕತೆ ಅದಾದ ಮೇಲೆ ಶುರುವಾಗಲಿ, ಮುಂಗಡ ಅಲ್ಲಿಯವರೆಗೆ ನಿಮ್ಮ ಗಲ್ಲೆಯಲ್ಲೇ ಇರಲಿ.